ಏಕಾಂತಕ್ಕೆಂದೇ ಕಟ್ಟಿದ ರೆಡಿಂಗ್ ಜೈಲು

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕೌಂಟಿ (ಜಿಲ್ಲೆ) ಜೈಲೆಂದರೆ ಸಾಲಗಾರ, ಕಳ್ಳ, ವಿಚಾರಣೆಗೆ ಕಾದವ ಎಲ್ಲರನ್ನೂ ಒಟ್ಟಿಗೆ ತುಂಬಿದ ಕೊಳಕು ಕೋಣೆಗಳೇ ಆಗಿದ್ದವು. ಜೈಲರನ ಹೊಟ್ಟೆಪಾಡು ನಡೆಯುತ್ತಿದ್ದುದು ಕೈದಿಗಳಿಂದ ವಸೂಲಾದ ಶುಲ್ಕದಿಂದ. ತಪ್ಪಿತಸ್ಥನಲ್ಲವೆಂದು ತೀರ್ಪಾದವನೂ ಶುಲ್ಕ ಕಟ್ಟಲಾಗದೆ ಒಳಗೇ ಉಳಿಯುವುದಿತ್ತು. ಬೆಡ್‌ಫರ್ಡ್‌ಷೈರ್ ಕೌಂಟಿಯ ಶೆರಿಫ್ (ಜೈಲಿನ ಹೊಣೆಯೂ ಇದ್ದ ಅಧಿಕಾರಿ) ಆಗಿದ್ದ ಜಾನ್ ಹೊವರ್ಡ್ ಜೈಲುಗಳನ್ನು ಸುತ್ತಿ 1777ರಲ್ಲಿ ಈ ಅವಸ್ಥೆಯನ್ನು ಬಯಲಿಗೆಳೆದ ಮೇಲೆ ಸುಧಾರಣೆಯ ಚರ್ಚೆ ಬಿರುಸಾಯಿತು. ಕೈದಿಯನ್ನು ಕೈದಿಯಿಂದ ಬೇರ್ಪಡಿಸಿದರೆ ಕೆಡುಕು ಹರಡುವುದಿಲ್ಲ, ಒಂಟಿಯಾಗಿ ಕುಳಿತವನು ಪಶ್ಚಾತ್ತಾಪ ಪಡುತ್ತಾನೆ ಎಂಬ ನಂಬಿಕೆ ಕ್ರಮೇಣ ಬಲವಾಯಿತು.

ಆ ನಂಬಿಕೆಯನ್ನು ಕಲ್ಲು ಇಟ್ಟಿಗೆಗೆ ಇಳಿಸಿದ್ದು 1842ರಲ್ಲಿ ಆರಂಭವಾದ ಲಂಡನ್ನಿನ ಪೆಂಟನ್‌ವಿಲ್ ಜೈಲು. ಎರಡೇ ವರ್ಷದಲ್ಲಿ, ಬರ್ಕ್‌ಷೈರ್ ಕೌಂಟಿಗಾಗಿ ವಾಸ್ತುಶಿಲ್ಪಿಗಳಾದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಮತ್ತು ವಿಲಿಯಂ ಮೊಫಾಟ್ ಅದೇ ಮಾದರಿಯಲ್ಲಿ ರೆಡಿಂಗ್ ಪಟ್ಟಣದ ಹಳೆಯ ಕ್ರೈಸ್ತ ಮಠದ ನೆಲದ ಮೇಲೆ ಶಿಲುಬೆಯಾಕಾರದ ಜೈಲನ್ನು ಕಟ್ಟಿದರು. ಪೆಂಟನ್‌ವಿಲ್ ಮಾದರಿಯ ಕೋಣೆ ಸುಮಾರು 13 ಅಡಿ ಉದ್ದ, 7 ಅಡಿ ಅಗಲ. ಕೊಳವೆಯಲ್ಲಿ ಬರುವ ಬೆಚ್ಚನೆಯ ಗಾಳಿ, ಗ್ಯಾಸ್ ದೀಪ, ನೀರಿನ ಬೋಗುಣಿ, ಶೌಚದ ವ್ಯವಸ್ಥೆ ಎಲ್ಲವೂ ಅದರೊಳಗೇ ಇದ್ದವು. ಹಿಡಿಯನ್ನು ತಿರುಗಿಸಿದರೆ ಗಂಟೆ ಬಾರಿಸಿ, ಹೊರಗೆ ಕೋಣೆಯ ಸಂಖ್ಯೆ ಬರೆದ ತಗಡು ಚಾಚಿಕೊಳ್ಳುತ್ತಿತ್ತು. ಅಂದಿನ ಬಹುಪಾಲು ಬಡವರ ಮನೆಯಲ್ಲಿ ಇಲ್ಲದ ಸೌಕರ್ಯಗಳಿವು. ಆದರೆ ಇದನ್ನು ಬರೀ ಕರುಣೆಯೆಂದು ಓದುವುದು ತಪ್ಪಾದೀತು: ಯಾವ ಕಾರಣಕ್ಕೂ ಕೈದಿ ಬಾಗಿಲು ದಾಟಬಾರದು, ಇನ್ನೊಬ್ಬನ ಮುಖ ಕಾಣಬಾರದು ಎಂಬುದೇ ಪ್ರತಿಯೊಂದು ಕೊಳವೆಯ ಹಿಂದಿನ ಲೆಕ್ಕಾಚಾರವಾಗಿತ್ತು. ರೆಡಿಂಗ್ ಜೈಲಿನ ಪಾದ್ರಿ ಜಾನ್ ಫೀಲ್ಡ್ ಈ ಪದ್ಧತಿಯ ಕಟ್ಟಾ ಪ್ರತಿಪಾದಕ. ಅಲ್ಲಿ ಕೈದಿಗಳ ಮುಖ್ಯ ಕೆಲಸವೇ ಬೈಬಲ್ ಬಾಯಿಪಾಠವಾಗಿತ್ತು.

ಮನುಷ್ಯರು ಸುಮ್ಮನಿರಲಿಲ್ಲ. ಶೌಚದ ಕೊಳವೆಗಳ ಮೂಲಕವೇ ಕೈದಿಗಳು ಪರಸ್ಪರ ಮಾತಿಗಿಳಿದರು, ಕ್ರಮೇಣ ಆ ಸೌಲಭ್ಯವನ್ನೇ ಕಿತ್ತುಹಾಕಲಾಯಿತು. 1877ರ ಕಾಯ್ದೆಯಿಂದ ಕೌಂಟಿ ಜೈಲುಗಳು ಸರ್ಕಾರದ ವಶಕ್ಕೆ ಬಂದಾಗ ಪಶ್ಚಾತ್ತಾಪದ ಮಾತು ಹಿಂದೆ ಸರಿದು ಕಠಿಣ ದುಡಿಮೆ, ಹಲಗೆಯ ಹಾಸಿಗೆ, ಅರೆಹೊಟ್ಟೆಯ ಊಟ ಮುನ್ನೆಲೆಗೆ ಬಂದವು. 1895ರ ನವೆಂಬರಿನಿಂದ 1897ರ ಮೇ ತಿಂಗಳವರೆಗೆ ರೆಡಿಂಗ್ ಜೈಲಿನಲ್ಲಿ ಸಿ.3.3 ಎಂಬ ಸಂಖ್ಯೆಯಾಗಿ ಬದುಕಿದ ಸಾಹಿತಿ ಆಸ್ಕರ್ ವೈಲ್ಡ್, 1898ರ ಮಾರ್ಚಿನಲ್ಲಿ ಪತ್ರಿಕೆಯೊಂದಕ್ಕೆ ಬರೆದ ಪತ್ರದಲ್ಲಿ, ಶೌಚದ ಜಾಗದಲ್ಲಿ ಈಗ ಬರೀ ಒಂದು ತಗಡಿನ ಪಾತ್ರೆ ಇದೆಯೆಂದೂ, ಬೆಳಗ್ಗೆ ಬಾಗಿಲು ತೆರೆಯುವ ಕಾವಲುಗಾರರೇ ದುರ್ವಾಸನೆಗೆ ವಾಂತಿ ಮಾಡಿಕೊಳ್ಳುವುದುಂಟೆಂದೂ ವಿವರಿಸಿದ. ಅದೇ ವರ್ಷ ಜೈಲು ಕಾಯ್ದೆ ತಿದ್ದುಪಡಿಯಾದರೂ ಈ ಪಾತ್ರೆಯ ಪದ್ಧತಿ ಮಾತ್ರ ಇಂಗ್ಲೆಂಡಿನ ಜೈಲುಗಳಲ್ಲಿ ಅಧಿಕೃತವಾಗಿ ಕೊನೆಗೊಂಡಿದ್ದು 1996ರಲ್ಲಿ.

ರೆಡಿಂಗ್ ಜೈಲು 2013ರ ಕೊನೆಗೆ ಮುಚ್ಚಿತು. ಅದನ್ನು ಕಲಾಕೇಂದ್ರವಾಗಿಸಬೇಕೆಂದು ಊರವರು ಹೋರಾಡಿದರು. 2021ರಲ್ಲಿ ಬೀದಿಗೋಡೆಗಳ ಚಿತ್ರಕಾರ ಬ್ಯಾಂಕ್ಸಿ ಅದರ ಹೊರಗೋಡೆಯ ಮೇಲೆ, ಹಗ್ಗ ಹಿಡಿದು ಇಳಿಯುವ ಕೈದಿಯ ಚಿತ್ರ ಬರೆದ. ಕೊನೆಗೆ 2024ರಲ್ಲಿ ಸರ್ಕಾರ ಕಟ್ಟಡವನ್ನು ಒಂದು ಶಿಕ್ಷಣ ಪ್ರತಿಷ್ಠಾನಕ್ಕೆ ಮಾರಿತು. ಸಂರಕ್ಷಿತ ಕಟ್ಟಡವಾದ್ದರಿಂದ ಆ ಇಕ್ಕಟ್ಟಿನ ಕೋಣೆಗಳ ಗೋಡೆ ಒಡೆಯಬೇಕಾದರೂ ಹೊಸ ಮಾಲೀಕರು ಅನುಮತಿ ಪಡೆಯಬೇಕು.