ಅಮೆರಿಕದ ಅಭ್ಯರ್ಥಿ ಏನೇನು ಹೇಳಲೇಬೇಕು?

ಚುನಾವಣೆ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ನಾಮಪತ್ರ ಸಲ್ಲಿಸಿದ ಮರುದಿನವೇ ಯಾರ ಬಳಿ ಎಷ್ಟು ಚಿನ್ನವಿದೆ, ಎಷ್ಟು ಎಕರೆ ಜಮೀನಿದೆ, ಹೆಂಡತಿಯ ಹೆಸರಿನಲ್ಲಿ ಎಷ್ಟು ಸಾಲವಿದೆ, ಎಷ್ಟು ಕ್ರಿಮಿನಲ್ ಪ್ರಕರಣಗಳಿವೆ, ಓದಿದ್ದು ಎಲ್ಲಿಯವರೆಗೆ ಎಂಬುದೆಲ್ಲ ಅಚ್ಚಾಗಿರುತ್ತದೆ. ಇದು 2002ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಫಲ. ಅಮೆರಿಕದ ಚುನಾವಣೆಯನ್ನು ಇಲ್ಲಿಂದ ನೋಡುವವರಿಗೆ ಮೊದಲು ಗೊಂದಲವಾಗುವುದು ಈ ವಿಷಯದಲ್ಲೇ. ಅಲ್ಲಿ ಇಂಥ ಅಫಿಡವಿಟ್ ಇಲ್ಲ. ಅಭ್ಯರ್ಥಿಯ ಓದು, ಉದ್ಯೋಗ, ತೆರಿಗೆ, ಆರೋಗ್ಯದ ಬಗ್ಗೆ ಪ್ರತಿ ಚುನಾವಣೆಯಲ್ಲೂ ಜಗಳ ನಡೆಯುತ್ತದೆ. ಆದರೆ ಇವುಗಳಲ್ಲಿ ಹೆಚ್ಚಿನವನ್ನು ಹೇಳಬೇಕೆಂಬ ಕಾನೂನೇ ಇಲ್ಲ.

ಸಂವಿಧಾನ ಕೇಳುವುದು ಬಹಳ ಕಡಿಮೆ. ಅಧ್ಯಕ್ಷರಾಗಬೇಕಾದರೆ ಹುಟ್ಟಿನಿಂದ ಅಮೆರಿಕದ ನಾಗರಿಕರಾಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ಅಲ್ಲಿ ನೆಲೆಸಿರಬೇಕು. ಸಂಸತ್ತಿನ ಕೆಳಮನೆಗೆ 25 ವರ್ಷ ವಯಸ್ಸು, ಏಳು ವರ್ಷಗಳ ಪೌರತ್ವ ಮತ್ತು ಆಯಾ ರಾಜ್ಯದಲ್ಲಿ ವಾಸ ಇದ್ದರೆ ಸಾಕು. ಬೆಳಗಾವಿಯಲ್ಲಿ ಬೆಳೆದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪಡೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಆ ಮನೆಗೆ ಆಯ್ಕೆಯಾಗಲು ಸಾಧ್ಯವಾದದ್ದು ಇದರಿಂದಲೇ. ಅದೇ ಹುಟ್ಟಿನ ನಿಯಮದಿಂದಾಗಿ ಅವರು ಅಧ್ಯಕ್ಷ ಹುದ್ದೆಗೆ ನಿಲ್ಲುವಂತಿಲ್ಲ. ಈ ಪಟ್ಟಿಗೆ ಸಂಸತ್ತು ತಾನಾಗಿ ಏನನ್ನೂ ಸೇರಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1969ರಲ್ಲಿ ಹೇಳಿತು. ರಾಜ್ಯಗಳೂ ಸೇರಿಸುವಂತಿಲ್ಲ ಎಂದು 1995ರಲ್ಲಿ ಹೇಳಿತು.

ಕಾನೂನು ಕೇಳದಿದ್ದರೂ ಮತದಾರ ಕೇಳಿಯೇ ಕೇಳುತ್ತಾನೆ. 1840ರಲ್ಲಿ ಅಧ್ಯಕ್ಷ ಹುದ್ದೆಗೆ ನಿಂತಿದ್ದ ವಿಲಿಯಂ ಹೆನ್ರಿ ಹ್ಯಾರಿಸನ್ ಅವರನ್ನು ಎದುರು ಪಕ್ಷದ ಪತ್ರಿಕೆಯೊಂದು ಹಂಗಿಸಿತು: ಒಂದು ಪೀಪಾಯಿ ಸೇಬಿನ ಮದ್ಯ, ಒಂದಿಷ್ಟು ಪಿಂಚಣಿ ಕೊಟ್ಟರೆ ಮರದ ದಿಮ್ಮಿಯ ಗುಡಿಸಿಲಲ್ಲಿ ಸುಮ್ಮನೆ ಕೂತಿರುತ್ತಾರೆ ಎಂದು. ಅವರ ಪಕ್ಷ ಆ ಗುಡಿಸಿಲನ್ನೇ ಲಾಂಛನ ಮಾಡಿಕೊಂಡು ಊರೂರು ಮೆರವಣಿಗೆ ಹೊರಡಿಸಿ ಗೆದ್ದಿತು. ಹ್ಯಾರಿಸನ್ ಹುಟ್ಟಿದ್ದು ವರ್ಜೀನಿಯಾದ ದೊಡ್ಡ ಜಮೀನ್ದಾರಿ ಬಂಗಲೆಯಲ್ಲಿ. ತಂದೆ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು. ಕೆಂಟಕಿಯ ಗುಡಿಸಿಲಲ್ಲಿ ನಿಜವಾಗಿಯೂ ಹುಟ್ಟಿದ ಲಿಂಕನ್ ಬಂದದ್ದು ಇಪ್ಪತ್ತು ವರ್ಷಗಳ ನಂತರ. ಮುಂದಿನ ನೂರು ವರ್ಷ ವಕೀಲರು, ದಂಡನಾಯಕರು, ರಾಜ್ಯಪಾಲರು ಬಂದರು, ಹೋದರು. ಅಧ್ಯಕ್ಷರಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಕೀಲರು. ಅವರು ಹೇಳಿಕೊಂಡ ಬದುಕಿನ ಕಥೆಯನ್ನು ಜನ ನಂಬಿದರು, ಇಲ್ಲವೇ ಬಿಟ್ಟರು.

ಲೆಕ್ಕ ಕೇಳುವ ಕಾಲ ಶುರುವಾದದ್ದು 1952ರ ಸೆಪ್ಟೆಂಬರ್‌ನಲ್ಲಿ. ಉಪಾಧ್ಯಕ್ಷ ಹುದ್ದೆಗೆ ನಿಂತಿದ್ದ ರಿಚರ್ಡ್ ನಿಕ್ಸನ್ ಅವರ ಖರ್ಚಿಗೆಂದು ಬೆಂಬಲಿಗರು ಸುಮಾರು 18,000 ಡಾಲರ್ ನಿಧಿ ಕೂಡಿಸಿದ್ದು ಪತ್ರಿಕೆಯಲ್ಲಿ ಬಂತು. ಪಕ್ಷ ಅವರನ್ನು ಕೈಬಿಡುವ ಹಂತದಲ್ಲಿತ್ತು. ಅವರು ಟಿವಿಯ ಮುಂದೆ ಕೂತು, ಮನೆಯ ಸಾಲ ಇಷ್ಟು, ಕಾರು 1950ರ ಓಲ್ಡ್ಸ್‌ಮೊಬೈಲ್, ಷೇರು ಇಲ್ಲ, ಹೆಂಡತಿಗೆ ತುಪ್ಪಳದ ಕೋಟಿಲ್ಲ, ಬಟ್ಟೆಯ ಕೋಟಷ್ಟೇ ಎಂದು ಒಂದೊಂದಾಗಿ ಓದಿದರು. ಮಕ್ಕಳಿಗೆ ಉಡುಗೊರೆಯಾಗಿ ಬಂದ ಚೆಕರ್ಸ್ ಎಂಬ ನಾಯಿಯನ್ನು ಮಾತ್ರ ಹಿಂದಿರುಗಿಸುವುದಿಲ್ಲ ಎಂದರು. ಸುಮಾರು ಆರು ಕೋಟಿ ಜನ ನೋಡಿದ ಭಾಷಣವದು. ನಾಯಿಯ ಮಾತು ಎಲ್ಲರ ನೆನಪಿನಲ್ಲಿ ಉಳಿಯಿತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತನ್ನು ಅವರು ಆಡಿದ್ದರು: ಎದುರಾಳಿಗಳೂ ಹೀಗೆಯೇ ಲೆಕ್ಕ ಒಪ್ಪಿಸಲಿ ಎಂದು. ಎದುರು ಪಕ್ಷದಿಂದ ಅಧ್ಯಕ್ಷ ಹುದ್ದೆಗೆ ನಿಂತಿದ್ದ ಅಡ್ಲೈ ಸ್ಟೀವನ್ಸನ್ ಹತ್ತು ವರ್ಷಗಳ ತೆರಿಗೆ ವಿವರ ಹೊರಗಿಟ್ಟರು.

1967ರಲ್ಲಿ, ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಲು ಹೊರಟಿದ್ದ ಮಿಷಿಗನ್‌ನ ರಾಜ್ಯಪಾಲ ಜಾರ್ಜ್ ರಾಮ್ನಿ ಒಂದು ಹೆಜ್ಜೆ ಮುಂದೆ ಹೋದರು. ಒಂದು ವರ್ಷದ ತೆರಿಗೆ ಪತ್ರದಿಂದ ಏನೂ ತಿಳಿಯದು, ತೋರಿಕೆಗೂ ಮಾಡಿರಬಹುದು ಎಂಬ ಕಾರಣಕ್ಕೆ 12 ವರ್ಷಗಳದ್ದನ್ನು ಕೊಟ್ಟರು. ಅಭ್ಯರ್ಥಿಯೊಬ್ಬ ಮತದಾರನಿಗೆ ಇಷ್ಟು ಗೌರವ ಕೊಟ್ಟ ಸಂದರ್ಭಗಳು ಆ ದೇಶದ ಚರಿತ್ರೆಯಲ್ಲಿ ಕಡಿಮೆ.

ಅಧ್ಯಕ್ಷರಾದ ಮೇಲೆ ನಿಕ್ಸನ್ ಅವರೇ ಈ ಪ್ರಶ್ನೆಗೆ ಮತ್ತೆ ಉತ್ತರಿಸಬೇಕಾಯಿತು. ಎರಡು ಲಕ್ಷ ಡಾಲರ್‌ಗಿಂತ ಹೆಚ್ಚು ಆದಾಯವಿದ್ದ ಅವರು 1970ಕ್ಕೆ ಕಟ್ಟಿದ ತೆರಿಗೆ 792 ಡಾಲರ್ 81 ಸೆಂಟ್ ಎಂಬ ಸಂಗತಿ 1973ರಲ್ಲಿ ರೋಡ್ ಐಲ್ಯಾಂಡ್‌ನ ಪ್ರಾವಿಡೆನ್ಸ್ ಜರ್ನಲ್‌ನಲ್ಲಿ ಬಯಲಾಯಿತು. ಉಪಾಧ್ಯಕ್ಷರಾಗಿದ್ದಾಗಿನ ಕಾಗದಪತ್ರಗಳನ್ನು ರಾಷ್ಟ್ರೀಯ ಪತ್ರಾಗಾರಕ್ಕೆ ದಾನ ಕೊಟ್ಟ ಲೆಕ್ಕದಲ್ಲಿ ಅವರು ವಿನಾಯಿತಿ ಪಡೆದಿದ್ದರು. ಆದರೆ 1969ರ ಜುಲೈ 25ರ ನಂತರದ ಇಂಥ ದಾನಕ್ಕೆ ವಿನಾಯಿತಿ ನಿಂತುಹೋಗಿತ್ತು. ದಾನಪತ್ರಕ್ಕೆ ಹಿಂದಿನ ತಾರೀಖು ಹಾಕಲಾಗಿತ್ತು. ‘ನಾನು ಮೋಸಗಾರನಲ್ಲ’ ಎಂಬ ಅವರ ಪ್ರಸಿದ್ಧ ಮಾತನ್ನು ಬಹಳ ಮಂದಿ, ಎದುರು ಪಕ್ಷದ ಕಚೇರಿಗೆ ಕನ್ನ ಹಾಕಿದ ವಾಟರ್‌ಗೇಟ್ ಹಗರಣಕ್ಕೇ ತಳುಕು ಹಾಕುತ್ತಾರೆ. ಆ ನವೆಂಬರ್‌ನಲ್ಲಿ ಫ್ಲಾರಿಡಾದಲ್ಲಿ ಸಂಪಾದಕರ ಮುಂದೆ ಅವರು ಅದನ್ನು ಹೇಳಿದ್ದು ತಮ್ಮ ಹಣದ ವಿಚಾರಕ್ಕೆ. ಕೊನೆಗೆ ಸಂಸತ್ತಿನ ಜಂಟಿ ಸಮಿತಿ ಬಡ್ಡಿ ಸೇರಿ ಸುಮಾರು 4,76,000 ಡಾಲರ್ ಬಾಕಿ ತೋರಿಸಿತು.

ಇದರ ನಡುವೆ, 1972ರಲ್ಲಿ, ಬೇರೊಂದು ಪ್ರಶ್ನೆ ಎದ್ದಿತ್ತು. ಡೆಮಾಕ್ರಟಿಕ್ ಪಕ್ಷ ಕೊನೆಯ ಗಳಿಗೆಯಲ್ಲಿ ಉಪಾಧ್ಯಕ್ಷ ಹುದ್ದೆಗೆ ಆರಿಸಿದ ಥಾಮಸ್ ಈಗಲ್‌ಟನ್ ಖಿನ್ನತೆಗೆ ಆಸ್ಪತ್ರೆ ಸೇರಿ ವಿದ್ಯುತ್ ಚಿಕಿತ್ಸೆ ಪಡೆದಿದ್ದು ಗೊತ್ತಾಯಿತು. ಹದಿನೆಂಟು ದಿನಕ್ಕೆ ಅವರು ಕಣದಿಂದ ಸರಿಯಬೇಕಾಯಿತು. ಆಮೇಲೆ ಮಿಸೌರಿಯ ಜನ 1974, 1980ರಲ್ಲಿ ಅವರನ್ನೇ ಸೆನೆಟ್‌ಗೆ ಆರಿಸಿದರು. ಗಳಿಕೆ, ದುಡಿಮೆ ಸಾರ್ವಜನಿಕರ ಹಕ್ಕಿನ ವಿಷಯ. ವಾಸಿಯಾದ ಕಾಯಿಲೆಯೂ ಹಾಗೆಯೇ ಎಂದು ಒಪ್ಪಲು ಮನಸ್ಸು ಬರುವುದಿಲ್ಲ. ಅಭ್ಯರ್ಥಿಗಳ ಪೂರ್ವಾಪರವನ್ನು ಪಕ್ಷಗಳು ವಾರಗಟ್ಟಲೆ ಜಾಲಾಡುವ ರೂಢಿ ಗಟ್ಟಿಯಾದದ್ದು ಈ ಪ್ರಕರಣದ ಮೇಲೆ.

1978ರಲ್ಲಿ ಕಾನೂನು ಬಂತು. ಅಭ್ಯರ್ಥಿಗಳು ಆಸ್ತಿ, ಆದಾಯ, ಸಾಲ ತೋರಿಸಬೇಕು, ಆದರೆ ಇಷ್ಟರಿಂದ ಇಷ್ಟರವರೆಗೆ ಎಂಬ ಅಂದಾಜಿನಲ್ಲಿ. ತೆರಿಗೆ ಪತ್ರ ಅದರಲ್ಲಿ ಸೇರಲಿಲ್ಲ. ಓದು, ಹಳೆಯ ನೌಕರಿಗಳ ಸತ್ಯಾಸತ್ಯತೆಯನ್ನು ಪರಿಶೀಲಿಸುವ ಕೆಲಸ ಯಾವ ಕಚೇರಿಗೂ ಬೀಳಲಿಲ್ಲ. ಉಳಿದದ್ದು ಸಂಪ್ರದಾಯ. ಸಂಪ್ರದಾಯವನ್ನು ಪಾಲಿಸಬಹುದು, ಬಿಡಬಹುದು. ಹುಟ್ಟಿದ್ದು ಅಮೆರಿಕದಲ್ಲಲ್ಲ ಎಂಬ ಪುಕಾರು ನಿಲ್ಲದೆ 2011ರಲ್ಲಿ ಅಧ್ಯಕ್ಷ ಒಬಾಮಾ ತಮ್ಮ ಜನನ ಪ್ರಮಾಣಪತ್ರದ ಪೂರ್ಣ ಪ್ರತಿಯನ್ನೇ ಜನರ ಮುಂದೆ ಇಡಬೇಕಾಯಿತು. 2016ರಲ್ಲಿ ಟ್ರಂಪ್ ಲೆಕ್ಕಪರಿಶೋಧನೆಯ ಕಾರಣ ಹೇಳಿ ತೆರಿಗೆ ಪತ್ರ ಕೊಡಲಿಲ್ಲ, ಗೆದ್ದರು. ಅದನ್ನು ಕಡ್ಡಾಯ ಮಾಡಲು ಕ್ಯಾಲಿಫೋರ್ನಿಯಾ 2019ರಲ್ಲಿ ತಂದ ಕಾಯ್ದೆಯನ್ನು ಆ ರಾಜ್ಯದ ಸುಪ್ರೀಂ ಕೋರ್ಟ್ ಅದೇ ವರ್ಷ ತಳ್ಳಿಹಾಕಿತು.

2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮೂರನೇ ಕ್ಷೇತ್ರದಿಂದ ಜಾರ್ಜ್ ಸ್ಯಾಂಟೋಸ್ ಗೆದ್ದಾಗ ಅವರ ಪರಿಚಯ ಪತ್ರದಲ್ಲಿ ಬರೂಕ್ ಕಾಲೇಜಿನ ಪದವಿ, ಸಿಟಿಗ್ರೂಪ್, ಗೋಲ್ಡ್‌ಮನ್ ಸ್ಯಾಕ್ಸ್‌ನ ಕೆಲಸ ಎಲ್ಲ ಇದ್ದವು. ಯಾವುದೂ ನಿಜವಲ್ಲವೆಂದು ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. 2023ರ ಡಿಸೆಂಬರ್ 1ರಂದು ಕೆಳಮನೆ ಅವರನ್ನು 311-114 ಮತಗಳಿಂದ ಹೊರಹಾಕಿತು. ಅವರಿಗೆ ಬಿದ್ದ 87 ತಿಂಗಳ ಸೆರೆ ವಂಚನೆಗೆ ಮತ್ತು ಬೇರೆಯವರ ಗುರುತು ಕದ್ದದ್ದಕ್ಕೆ. 2025ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಅದನ್ನೂ ಮೊಟಕುಗೊಳಿಸಿದರು. ಇಲ್ಲದ ಪದವಿಯನ್ನು ಇದೆ ಎಂದು ಮತದಾರರಿಗೆ ಹೇಳಿದ್ದಷ್ಟೇ ಆಗಿದ್ದರೆ ಜೈಲಿನ ಮಾತೇ ಬರುತ್ತಿರಲಿಲ್ಲ.

ಸ್ಯಾಂಟೋಸ್ ಅವರ ಆಸ್ತಿ ಲೆಕ್ಕ ವಿಚಿತ್ರವಾಗಿದೆ ಎಂದು ಮತದಾನಕ್ಕೆ ಮೊದಲೇ, ಸೆಪ್ಟೆಂಬರ್‌ನಲ್ಲೇ, ನಾರ್ತ್ ಶೋರ್ ಲೀಡರ್ ಎಂಬ ಸ್ಥಳೀಯ ವಾರಪತ್ರಿಕೆ ಬರೆದಿತ್ತು. ದೊಡ್ಡ ಪತ್ರಿಕೆಗಳು ಅದನ್ನು ಎತ್ತಿಕೊಳ್ಳಲಿಲ್ಲ. ಎದುರು ಪಕ್ಷದ ಕೈಯಲ್ಲೂ ಅರ್ಧ ಮಾಹಿತಿಯಿತ್ತು. 2005ರಿಂದೀಚೆಗೆ ಅಮೆರಿಕ ತನ್ನ ಪತ್ರಿಕೆಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡಿದೆ. ಮುಚ್ಚಿದವುಗಳಲ್ಲಿ ಹೆಚ್ಚಿನವು ಇಂಥ ಊರಿನ ವಾರಪತ್ರಿಕೆಗಳೇ.