ರಿವರ್ಸ್ ಕಲ್ಚರ್ ಶಾಕ್: ಸ್ವಂತ ಊರಲ್ಲಿ ಹೊಸಬರಾಗುವುದು

ಬೇರೆ ದೇಶಕ್ಕೆ ಹೊರಟವರಿಗೆ ಸಲಹೆ ಕೊಡಲು ಹತ್ತು ಜನ ಇರುತ್ತಾರೆ. ಅಲ್ಲಿ ಹೀಗಿರು, ಇದನ್ನು ಮರೀಬೇಡ, ಮೊದಲ ಆರು ತಿಂಗಳು ಕಷ್ಟ, ಆಮೇಲೆ ಸರಿಹೋಗುತ್ತೆ ಅಂತ. ಅದೇ ವ್ಯಕ್ತಿ ಎಂಟು ಹತ್ತು ವರ್ಷ ಬಿಟ್ಟು ವಾಪಸ್ ಬರುವಾಗ ಯಾರೂ ಏನೂ ಹೇಳುವುದಿಲ್ಲ. ಮನೆಗೆ ಬರುವವರಿಗೆ ಸಲಹೆ ಯಾಕೆ ಬೇಕು, ಅಲ್ವಾ? ಬರುವವರೂ ಹಾಗೇ ಅಂದುಕೊಂಡಿರುತ್ತಾರೆ. ಬಂದು ಒಂದೆರಡು ತಿಂಗಳಾದ ಮೇಲೆ ಮಾತ್ರ ಏನೋ ಸರಿಯಿಲ್ಲ ಅನ್ನಿಸಲು ಶುರುವಾಗುತ್ತದೆ. ಊರು ತನ್ನದೇ, ಭಾಷೆ ತನ್ನದೇ, ಜನ ತನ್ನವರೇ. ಆದರೂ ಬೇರೆಯವರ ಮನೆಗೆ ಬಂದು ಕೂತ ಹಾಗೆ. ಈ ಅನುಭವಕ್ಕೆ ಇರುವ ಹೆಸರು ರಿವರ್ಸ್ ಕಲ್ಚರ್ ಶಾಕ್.

ಮೊದಲು ಕಲ್ಚರ್ ಶಾಕ್ ಅಂದರೇನು ನೋಡೋಣ. ಎಷ್ಟು ಹತ್ತಿರ ನಿಂತು ಮಾತಾಡಬೇಕು, ಯಾವಾಗ ನಗಬೇಕು, ಯಾರಿಗೆ ಇಲ್ಲ ಅನ್ನಬಹುದು, ಹೇಗೆ ಇಲ್ಲ ಅನ್ನಬೇಕು. ಇವನ್ನೆಲ್ಲ ನಾವು ಕಲಿತದ್ದೇ ಗೊತ್ತಾಗದ ಹಾಗೆ ಕಲಿತಿರುತ್ತೇವೆ. ಹೊಸ ದೇಶದಲ್ಲಿ ಇವು ಕೆಲಸಕ್ಕೆ ಬರುವುದಿಲ್ಲ. ಕಾಲಡಿಯ ನೆಲ ಅಲುಗಿದ ಹಾಗಾಗುತ್ತದೆ. ಅದು ಕಲ್ಚರ್ ಶಾಕ್. ಅದೇ ಗಲಿಬಿಲಿ ಹುಟ್ಟಿ ಬೆಳೆದ ನೆಲಕ್ಕೆ ಮರಳಿದಾಗ ಆದರೆ ಅದು ರಿವರ್ಸ್. ಇದನ್ನು ರೀಎಂಟ್ರಿ ಶಾಕ್ ಅಂತಲೂ ಕರೆಯುತ್ತಾರೆ.

ಕಲ್ಚರ್ ಶಾಕ್ ಅನ್ನುವ ಮಾತು ಜನರ ಬಾಯಿಗೆ ಬರುವಂತೆ ಮಾಡಿದವರು ಕಾಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞ. 1954ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಒಂದು ಮಹಿಳಾ ಸಂಘದ ಮುಂದೆ ಅವರು ಈ ವಿಷಯದ ಮೇಲೆ ಮಾತಾಡಿದರು. ಆ ಭಾಷಣ 1960ರಲ್ಲಿ ಲೇಖನವಾಗಿ ಅಚ್ಚಾಯಿತು. ಮೊದಲು ಮಧುಚಂದ್ರದಂಥ ಸಂತೋಷ, ಆಮೇಲೆ ಸಿಟ್ಟು ಮತ್ತು ಬೇಸರ, ನಿಧಾನವಾಗಿ ಚೇತರಿಕೆ, ಕೊನೆಗೆ ಹೊಂದಾಣಿಕೆ. ಈ ನಾಲ್ಕು ಹಂತಗಳ ಚಿತ್ರ ಅವರು ಕೊಟ್ಟದ್ದು. ಪೂರ್ತಿ ಹೊಂದಿಕೊಂಡವರು ಆ ದೇಶ ಬಿಟ್ಟು ಹೋದ ಮೇಲೆ ಅದನ್ನೂ ಅಲ್ಲಿನ ಜನರನ್ನೂ ನೆನೆದು ಕೊರಗುತ್ತಾರೆ ಎಂದು ಓಬರ್ಗ್ ಆಗಲೇ ಹೇಳಿದ್ದರು. ಮರಳುವ ಕಷ್ಟದ ಬೀಜ ಆ ಮಾತಿನಲ್ಲೇ ಇದೆ.

ಆದರೆ ಈ ಕಷ್ಟದ ಒಳಗನ್ನು ಅದಕ್ಕೂ ಮೊದಲೇ ಕಂಡವರು ಇನ್ನೊಬ್ಬರಿದ್ದಾರೆ. ಸಮಾಜಶಾಸ್ತ್ರಜ್ಞ ಆಲ್ಫ್ರೆಡ್ ಶುಟ್ಸ್. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು, 1939ರಲ್ಲಿ ನ್ಯೂಯಾರ್ಕ್ ಸೇರಿದವರು. 1944ರಲ್ಲಿ ಅವರು ಹೊಸ ಜಾಗಕ್ಕೆ ಬಂದ ಅಪರಿಚಿತನ ಬಗ್ಗೆ ಒಂದು ಲೇಖನ ಬರೆದರು. ಮುಂದಿನ ವರ್ಷ, 1945ರಲ್ಲಿ, ಮನೆಗೆ ಮರಳುವವನ ಬಗ್ಗೆ ಇನ್ನೊಂದು ಬರೆದರು. ಎರಡನೇ ಮಹಾಯುದ್ಧ ಮುಗಿಯುತ್ತಿದ್ದ ಹೊತ್ತು. ಲಕ್ಷಗಟ್ಟಲೆ ಸೈನಿಕರು ಮನೆಗೆ ಹೊರಟಿದ್ದರು. ಶುಟ್ಸ್ ಆ ಲೇಖನವನ್ನು ಗ್ರೀಕ್ ಕಾವ್ಯದ ಒಡಿಸ್ಯೂಸ್‌ನಿಂದ ಶುರುಮಾಡುತ್ತಾರೆ. ಇಪ್ಪತ್ತು ವರ್ಷ ಯಾವ ಊರಿಗಾಗಿ ಹಂಬಲಿಸಿದ್ದನೋ ಅದೇ ಊರಿನ ದಡದಲ್ಲಿ ಅವನು ನಿದ್ದೆಯಿಂದ ಏಳುತ್ತಾನೆ. ಎದ್ದವನಿಗೆ ಅದು ತನ್ನ ನೆಲ ಅಂತಲೇ ಗುರುತು ಸಿಗುವುದಿಲ್ಲ.

ಶುಟ್ಸ್ ಎತ್ತಿ ತೋರಿಸಿದ ವ್ಯತ್ಯಾಸ ಚಿಕ್ಕದು. ನನಗೆ ಮಾತ್ರ ಈ ಇಡೀ ವಿಷಯದ ಬೀಗದ ಕೈ ಅದೇ ಅನ್ನಿಸುತ್ತದೆ. ಹೊಸ ದೇಶಕ್ಕೆ ಹೋಗುವವನಿಗೆ ತನಗೆ ಏನೂ ಗೊತ್ತಿಲ್ಲ ಅನ್ನುವುದು ಗೊತ್ತಿರುತ್ತದೆ. ಕಲಿಯಬೇಕು, ಎಡವಬೇಕು, ಕೇಳಬೇಕು ಎಂದು ಮನಸ್ಸು ಸಿದ್ಧವಾಗಿರುತ್ತದೆ. ಮನೆಗೆ ಬರುವವನಿಗೆ ಎಲ್ಲಾ ಗೊತ್ತಿದೆ ಎಂಬ ಧೈರ್ಯ. ಬಿಟ್ಟು ಹೋದ ಜಾಗದಿಂದಲೇ ಬದುಕನ್ನು ಮತ್ತೆ ಎತ್ತಿಕೊಳ್ಳಬಹುದು ಎಂಬ ನಂಬಿಕೆ. ಆ ನಂಬಿಕೆಗೇ ಪೆಟ್ಟು ಬೀಳುತ್ತದೆ. ಹೊರದೇಶದಲ್ಲಿ ತಪ್ಪು ಮಾಡಿದರೆ ‘ಪಾಪ, ಹೊಸಬರು’ ಅನ್ನುತ್ತಾರೆ. ಸ್ವಂತ ಊರಲ್ಲಿ ಅದೇ ತಪ್ಪು ಮಾಡಿದರೆ ‘ಇಷ್ಟೂ ಗೊತ್ತಾಗಲ್ವಾ ನಿನಗೆ?’ ಅನ್ನುತ್ತಾರೆ. ಮುಖ, ಹೆಸರು, ಭಾಷೆ ಎಲ್ಲಾ ಇಲ್ಲಿಯದೇ ಆದ್ದರಿಂದ ಹೊಸಬರಿಗೆ ಸಿಗುವ ರಿಯಾಯಿತಿ ಇವರಿಗೆ ಸಿಗುವುದಿಲ್ಲ. ತಮಗೆ ತಾವೇ ಕೊಟ್ಟುಕೊಳ್ಳುವುದೂ ಇಲ್ಲ.

ಇನ್ನು ನೆನಪಿನ ಮಾತು. ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವೆ. ಬೇರೆ ದೇಶದಲ್ಲಿ ಇದ್ದಷ್ಟು ಕಾಲ ಊರೇ ಆ ದೂರದ ಬೆಟ್ಟ. ಒಂಟಿತನ ಕಾಡಿದಾಗೆಲ್ಲ ಮನಸ್ಸು ಊರನ್ನು ನೆನೆಯುತ್ತದೆ. ನೆನೆದಾಗೆಲ್ಲ ಸ್ವಲ್ಪ ತಿದ್ದುತ್ತದೆ. ಜಗಳ ಮರೆತುಹೋಗುತ್ತದೆ, ನಗು ಉಳಿಯುತ್ತದೆ. ವರ್ಷಗಳು ಕಳೆದಂತೆ ಹೀಗೆ ತಿದ್ದಿದ ಒಂದು ಊರು ತಲೆಯೊಳಗೆ ತಯಾರಾಗುತ್ತದೆ. ಮರಳಿ ಬರುವವರು ಹುಡುಕುವುದು ಆ ಊರನ್ನು. ಅದು ಸಿಗುವುದಿಲ್ಲ, ಯಾಕೆಂದರೆ ಅದು ಯಾವತ್ತೂ ಇರಲಿಲ್ಲ. ಇದ್ದ ಊರು ಕೂಡ ಈ ನಡುವೆ ತನ್ನ ಪಾಡಿಗೆ ತಾನು ನಡೆದುಬಿಟ್ಟಿರುತ್ತದೆ. ಗೆಳೆಯರಿಗೆ ಹೊಸ ಗೆಳೆಯರಾಗಿರುತ್ತಾರೆ. ಎಲ್ಲರೂ ನಗುವ ಜೋಕು ಇವರಿಗೆ ಅರ್ಥ ಆಗುವುದಿಲ್ಲ. ಇವರು ಆಡುವ ಮಾತಿನಲ್ಲಿ ಹತ್ತು ವರ್ಷದ ಹಿಂದಿನ ಪದಗಳಿರುತ್ತವೆ. ಹೋದ ದಿನ ಗಡಿಯಾರ ನಿಂತ ಹಾಗೆ.

ಮೇಲುನೋಟಕ್ಕೆ ಕಾಣುವ ತೊಂದರೆಗಳು ಬೇಗ ಸರಿಹೋಗುತ್ತವೆ. ರಸ್ತೆ ದಾಟುವಾಗ ತಪ್ಪು ದಿಕ್ಕಿಗೆ ಕತ್ತು ತಿರುಗುವುದು, ಅರ್ಜಿ ತುಂಬುವಾಗ ಯಾವ ದಾಖಲೆ ಎಲ್ಲಿ ಸಿಗುತ್ತದೆ ಎಂದು ತಡಕಾಡುವುದು, ಇವೆಲ್ಲ ಕೆಲವು ವಾರದ ಮಾತು. ಒಳಗಿನದು ಜಾಸ್ತಿ ಕಾಲ ಕಾಡುತ್ತದೆ. ಅದರಲ್ಲೂ ಒಂದು ನೋವಿನ ಬಗ್ಗೆ ನಾವು ಮಾತಾಡುವುದು ಕಡಿಮೆ. ಅಲ್ಲಿ ಕಳೆದ ಬದುಕಿಗೆ ಇಲ್ಲಿ ಸಾಕ್ಷಿಗಳಿಲ್ಲ. ಒಬ್ಬರು ಒಂಬತ್ತು ವರ್ಷ ಬೇರೆ ಕಡೆ ದುಡಿದಿದ್ದಾರೆ. ಒಂದು ಭಾಷೆ ಕಲಿತಿದ್ದಾರೆ. ಅಲ್ಲೊಬ್ಬ ಪಕ್ಕದ ಮನೆಯ ಅಜ್ಜಿ ಇವರಿಗೆ ಜ್ವರ ಬಂದಾಗ ನೋಡಿಕೊಂಡಿದ್ದಾರೆ. ಆ ಅಜ್ಜಿಯ ಹೆಸರು ಹೇಳಿದರೆ ಇಲ್ಲಿ ಯಾರಿಗೂ ಏನೂ ಅನ್ನಿಸುವುದಿಲ್ಲ. ‘ಹೇಗಿತ್ತು ಅಲ್ಲಿ?’ ಎಂದು ಕೇಳುತ್ತಾರೆ. ಎರಡು ನಿಮಿಷ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಮಾತು ಬೇರೆ ಕಡೆ ಹೊರಳುತ್ತದೆ. ಅವರದ್ದೇನೂ ತಪ್ಪಿಲ್ಲ, ನೋಡದ ಊರಿನ ಕಥೆಯನ್ನು ಎಷ್ಟು ಹೊತ್ತು ಕೇಳಲು ಸಾಧ್ಯ? ಆದರೆ ಹೇಳುವವರಿಗೆ ಒಂಬತ್ತು ವರ್ಷ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಶುಟ್ಸ್ ಇದನ್ನೂ ಗಮನಿಸಿದ್ದರು. ಸೈನಿಕನಿಗೆ ತನ್ನ ಅನುಭವ ಅವನೊಬ್ಬನದೇ. ಮನೆಯವರಿಗೆ ಅದು ಎಲ್ಲಾ ಸೈನಿಕರಿಗೂ ಆಗುವಂಥದ್ದು.

ಹಾಗಂತ ಜಾಸ್ತಿ ಹೇಳಿದರೂ ಕಷ್ಟವೇ. ‘ಅಲ್ಲಿ ಹೀಗಿತ್ತು’ ಎಂದು ಮೂರನೇ ಸಲ ಹೇಳಿದಾಗ ಎದುರಿಗಿರುವವರ ಮುಖ ಗಂಟಿಕ್ಕುತ್ತದೆ. ದೊಡ್ಡಸ್ತಿಕೆ ತೋರಿಸುತ್ತಿದ್ದಾರೆ ಎಂದು ಅವರಿಗೆ ಅನ್ನಿಸುತ್ತದೆ. ಕೆಲವರು ನಿಜವಾಗಿಯೂ ಹಾಗೆ ಮಾಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಬಹಳ ಸಲ ಆ ಮಾತಿನ ಒಳಗಿರುವುದು ಹೆಮ್ಮೆಯಲ್ಲ, ಹಂಬಲ. ತೀರಿಕೊಂಡವರ ಬಗ್ಗೆ ಮಾತಾಡಬೇಕು ಅನ್ನಿಸುತ್ತದಲ್ಲ, ಅಂಥದ್ದು. ಇಲ್ಲಿ ಯಾರೂ ತೀರಿಕೊಂಡಿಲ್ಲ, ಆದ್ದರಿಂದ ದುಃಖಪಡಲು ಕಾರಣವೂ ಕಾಣುವುದಿಲ್ಲ. ಬಂದದ್ದು ಇಷ್ಟಪಟ್ಟೇ ತಾನೆ, ಮತ್ಯಾಕೆ ಸಪ್ಪೆ ಮುಖ ಎಂದು ಮನೆಯವರು ಕೇಳುತ್ತಾರೆ. ಉತ್ತರ ಇರುವುದಿಲ್ಲ. ಇಷ್ಟಪಟ್ಟು ಬಂದವರಿಗೂ ಬಿಟ್ಟು ಬಂದದ್ದರ ಸಂಕಟ ಇರುತ್ತದೆ ಎಂದು ಒಪ್ಪಿಕೊಳ್ಳಲು ನಮಗೆ ಯಾಕೋ ಕಷ್ಟ.

ಮಕ್ಕಳ ವಿಷಯವೇ ಬೇರೆ. ಹೊರದೇಶದಲ್ಲಿ ಹುಟ್ಟಿದ ಅಥವಾ ತೀರಾ ಚಿಕ್ಕವರಿದ್ದಾಗ ಹೋದ ಮಕ್ಕಳಿಗೆ ಇದು ಮರಳುವುದೇ ಅಲ್ಲ. ಅಪ್ಪ ಅಮ್ಮ ಮನೆಗೆ ಬರುತ್ತಿದ್ದಾರೆ, ಮಕ್ಕಳು ಮನೆ ಬಿಟ್ಟು ಬರುತ್ತಿದ್ದಾರೆ. ಒಂದೇ ವಿಮಾನ, ಎರಡು ಪ್ರಯಾಣ. ಇಂಥ ಮಕ್ಕಳಿಗೆ ಥರ್ಡ್ ಕಲ್ಚರ್ ಕಿಡ್ಸ್ ಎಂದು ಹೆಸರಿಟ್ಟವರು 1950ರ ದಶಕದಲ್ಲಿ ಅವರನ್ನು ಅಧ್ಯಯನ ಮಾಡಿದ ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯುಸೀಮ್. ಅಪ್ಪ ಅಮ್ಮನದು ಒಂದು ಸಂಸ್ಕೃತಿ, ಬೆಳೆದ ಜಾಗದ್ದು ಇನ್ನೊಂದು, ಇವೆರಡರ ನಡುವೆ ಇವರು ಬದುಕುವ ಮೂರನೆಯದು. ಜಪಾನ್‌ನಲ್ಲಂತೂ ವಿದೇಶದಲ್ಲಿ ಬೆಳೆದು ಬಂದ ಮಕ್ಕಳಿಗೆ ಕಿಕೊಕು ಶಿಜೊ ಎಂಬ ಬೇರೆ ಹೆಸರೇ ಇದೆ. ಒಂದು ಕಾಲಕ್ಕೆ ಇವರನ್ನು ಸರಿಪಡಿಸಬೇಕಾದ ಸಮಸ್ಯೆ ಎಂದು ನೋಡುತ್ತಿದ್ದರು. ಮುಂದೆ ವಿಶ್ವವಿದ್ಯಾಲಯಗಳು ಇವರಿಗೆಂದೇ ಬೇರೆ ಪ್ರವೇಶ ವ್ಯವಸ್ಥೆ ಮಾಡಿದವು. ‘ನಮ್ಮೂರಿಗೆ ಹೋಗೋಣ’ ಎಂದು ಮಕ್ಕಳಿಗೆ ಹೇಳುವ ಮುಂಚೆ ಆ ‘ನಮ್ಮ’ದಲ್ಲಿ ಅವರೂ ಇದ್ದಾರಾ ಎಂದು ಒಮ್ಮೆ ಯೋಚಿಸಬೇಕು.

ಈ ವಿಷಯ ಓದಲು ಹೊರಟರೆ ಡಬ್ಲ್ಯೂ ಕರ್ವ್ ಎಂಬ ಚಿತ್ರ ಎದುರಾಗದೆ ಇರುವುದಿಲ್ಲ. ಅದರ ಕಥೆ ಹೀಗಿದೆ. 1955ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಸ್ವೆರೆ ಲಿಸ್ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕಕ್ಕೆ ಫುಲ್‌ಬ್ರೈಟ್ ಎಂಬ ವಿದ್ಯಾರ್ಥಿವೇತನದ ನೆರವಿನಲ್ಲಿ ಹೋಗಿಬಂದ 200 ನಾರ್ವೆಯವರನ್ನು ಮಾತಾಡಿಸಿದರು. ಆರು ತಿಂಗಳಿಗಿಂತ ಕಡಿಮೆ ಇದ್ದವರು ಮತ್ತು ಹದಿನೆಂಟು ತಿಂಗಳಿಗಿಂತ ಜಾಸ್ತಿ ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು. ನಡುವಿನವರಿಗೆ ಕಷ್ಟವಾಗಿತ್ತು. ಇದನ್ನು ಗೆರೆಯಾಗಿ ಬರೆದರೆ ಇಂಗ್ಲಿಷಿನ ಯು ಅಕ್ಷರ. 1963ರಲ್ಲಿ ಜಾನ್ ಮತ್ತು ಜೀನ್ ಗಲ್ಲಹಾರ್ನ್ ದಂಪತಿ, ಮನೆಗೆ ಮರಳಿದ ಮೇಲೂ ಇದೇ ಇಳಿತ ಏರಿಕೆ ಇನ್ನೊಮ್ಮೆ ಆಗುತ್ತದೆ ಎಂದರು. ಯು ಪಕ್ಕದಲ್ಲಿ ಇನ್ನೊಂದು ಯು, ಅಲ್ಲಿಗೆ ಡಬ್ಲ್ಯೂ. ಮರಳುವ ಕಷ್ಟಕ್ಕೆ ಸಂಶೋಧನೆಯಲ್ಲಿ ಒಂದು ಜಾಗ ಸಿಕ್ಕಿದ್ದು ಹೀಗೆ.

ಚಿತ್ರ ಅಚ್ಚುಕಟ್ಟಾಗಿದೆ. ಆದರೆ ಬದುಕು ಗೆರೆಯ ಹಾಗೆ ನಡೆಯುವುದಿಲ್ಲ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ನ್ಯೂಜಿಲೆಂಡ್‌ಗೆ ಹೋದ ಜಪಾನಿ ವಿದ್ಯಾರ್ಥಿಗಳನ್ನು ಮೊದಲ ದಿನಗಳಿಂದಲೇ ಗಮನಿಸಿತು. ಕಾಲಿಟ್ಟ ಹೊತ್ತಿನಲ್ಲೇ ಅವರಿಗೆ ಕಷ್ಟ ಎಲ್ಲಕ್ಕಿಂತ ಜಾಸ್ತಿ ಇತ್ತು. ಮಧುಚಂದ್ರದ ಸಂತೋಷ ಕಾಣಲೇ ಇಲ್ಲ. ಹಾಗಾಗಿ ‘ನಾನೀಗ ಎಷ್ಟನೇ ಹಂತದಲ್ಲಿದ್ದೇನೆ’ ಎಂದು ಲೆಕ್ಕ ಹಾಕುತ್ತಾ ಕೂರಬೇಡಿ. ಇದು ಹೆಚ್ಚೆಂದರೆ ಒಂದು ಅಂದಾಜು.

ಯಾರಿಗೆ ಈ ಕಷ್ಟ ಜಾಸ್ತಿ? ಅಲ್ಲಿ ಚೆನ್ನಾಗಿ ಹೊಂದಿಕೊಂಡವರಿಗೇ ಇಲ್ಲಿ ಕಷ್ಟ ಅನ್ನುವ ಮಾತು ಕೇಳಿಬರುತ್ತದೆ. ಮನಶ್ಶಾಸ್ತ್ರಜ್ಞೆ ನ್ಯಾನ್ ಸಸ್‌ಮನ್ ಇದನ್ನು ಪರೀಕ್ಷಿಸಿ ನೋಡಿದರು. ಜಪಾನ್‌ನಲ್ಲಿ ಪಾಠ ಹೇಳಿ ಅಮೆರಿಕಕ್ಕೆ ಮರಳಿದ ಶಿಕ್ಷಕರ ಬಗ್ಗೆ 2002ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿ ಎಷ್ಟು ಹೊಂದಿಕೊಂಡರು ಅನ್ನುವುದಕ್ಕೂ ಮರಳಿದ ಮೇಲಿನ ಕಷ್ಟಕ್ಕೂ ಸಂಬಂಧ ಕಾಣಲಿಲ್ಲ. ‘ನಾನು ಇಲ್ಲಿಯವನು’ ಎಂಬ ಗುರುತು ಸಡಿಲವಾದವರಿಗೆ ಕಷ್ಟ ಜಾಸ್ತಿ ಇತ್ತು. ಹೊಂದಿಕೊಳ್ಳುವುದು ಬೇರೆ, ಒಳಗೆ ಬೇರೆಯೇ ಆಗುವುದು ಬೇರೆ. ಅಂದರೆ ಇದು ಬರೀ ಅಭ್ಯಾಸ ತಪ್ಪಿದ ಕಷ್ಟವಲ್ಲ, ನಾನು ಯಾರು ಅನ್ನುವ ಪ್ರಶ್ನೆ.

ಇಷ್ಟೆಲ್ಲ ನೋಡಿದ ಮೇಲೆ ಶಾಕ್ ಅನ್ನುವ ಪದದ ಬಗ್ಗೆ ನನಗೊಂದು ತಕರಾರಿದೆ. ಶಾಕ್ ಅಂದರೆ ಒಮ್ಮೆಲೇ ಹೊಡೆಯುವಂಥದ್ದು. ಇದು ಹಾಗಲ್ಲ. ಹೊಸ ಚಪ್ಪಲಿ ಕಚ್ಚಿದ ಹಾಗೆ, ನಡೆದಷ್ಟೂ ಗೊತ್ತಾಗುತ್ತದೆ. ಬಂದ ದಿನವೇ ಶಾಕ್ ಹೊಡೆಯಲಿಲ್ಲ, ಹಾಗಾಗಿ ತನಗೆ ಆಗುತ್ತಿರುವುದು ಇದಲ್ಲ ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ತನ್ನಲ್ಲೇ ಏನೋ ಐಬು ಇದೆ ಎಂದು ಕುಗ್ಗುತ್ತಾರೆ. ಕನ್ನಡದಲ್ಲಿ ‘ಹಿಮ್ಮುಖ ಸಾಂಸ್ಕೃತಿಕ ಆಘಾತ’ ಎಂದು ಬರೆಯಬಹುದು. ಆದರೆ ಅದನ್ನು ಅಮ್ಮನಿಗೆ ಹೇಳಿ ನೋಡಿ, ಅರ್ಥವಾಗುವುದು ಕಷ್ಟ. ‘ಮರಳಿದವರ ತಳಮಳ’ ಅನ್ನುವುದು ನನಗೆ ಇಷ್ಟ. ತಳಮಳದಲ್ಲಿ ಒಂದು ನಿಧಾನ ಇದೆ, ಒಳಗೊಳಗೇ ಕುದಿಯುವುದಿದೆ. ತ್ರಿಶಂಕು ಸ್ಥಿತಿ ಅನ್ನುವವರೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ತ್ರಿಶಂಕು ನಡುವೆಯೇ ಉಳಿದುಬಿಟ್ಟ. ಇವರು ಹಾಗೆ ಉಳಿಯಬೇಕಿಲ್ಲ.

ಇದು ಕಾಯಿಲೆಯಲ್ಲ, ಬಹುಪಾಲು ಜನರಿಗೆ ಕಾಲ ಕಳೆದಂತೆ ಹಗುರಾಗುತ್ತದೆ. ನಿದ್ದೆ, ಊಟ, ಕೆಲಸ ಎಲ್ಲಾ ಕೆಟ್ಟು ತಿಂಗಳುಗಟ್ಟಲೆ ಹಾಗೇ ಇದ್ದರೆ ಮಾತ್ರ ಸುಮ್ನೆ ಕೂರದೆ ವೈದ್ಯರನ್ನು ಕಾಣಬೇಕು. ಅಮೆರಿಕ ಸರ್ಕಾರದ ಪೀಸ್ ಕೋರ್ ಎಂಬ ಸಂಸ್ಥೆ 1961ರಿಂದ ಸ್ವಯಂಸೇವಕರನ್ನು ಬೇರೆ ಬೇರೆ ದೇಶಗಳಿಗೆ ಕಳಿಸುತ್ತಿದೆ. ಸೇವೆ ಮುಗಿಸಿ ಮನೆಗೆ ಹೊರಟವರಿಗೆ ಅದು ಒಂದಿಷ್ಟು ಹಣ ಕೊಡುತ್ತದೆ. ಆ ಹಣದ ಹೆಸರೇ ರೀಅಡ್ಜಸ್ಟ್‌ಮೆಂಟ್ ಅಲೋವೆನ್ಸ್, ಮತ್ತೆ ಹೊಂದಿಕೊಳ್ಳುವುದಕ್ಕೆ ಕೊಡುವ ಭತ್ಯೆ. ಮನೆಗೆ ಹೋಗುವುದಕ್ಕೂ ಸಮಯ, ಹಣ, ತಯಾರಿ ಬೇಕು ಎಂದು ಒಂದು ಸಂಸ್ಥೆ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟಿದೆ.

ಮರಳುವವರನ್ನು ಸಿದ್ಧಪಡಿಸಿದರೆ ಸಾಲದು, ಅವರಿಗಾಗಿ ಕಾಯುತ್ತಿರುವ ಮನೆಯವರನ್ನೂ ಸಿದ್ಧಪಡಿಸಬೇಕು ಎಂದು ಶುಟ್ಸ್ 1945ರಲ್ಲೇ ಬರೆದಿದ್ದರು. ನಿಮ್ಮ ಮನೆಗೆ ಅಥವಾ ಗೆಳೆಯರ ಬಳಗಕ್ಕೆ ಹಾಗೆ ಯಾರಾದರೂ ಬರುತ್ತಿದ್ದರೆ ‘ಹೇಗಿತ್ತು ಅಲ್ಲಿ?’ ಎಂದು ಕೇಳಬೇಡಿ, ಅದಕ್ಕೆ ‘ಚೆನ್ನಾಗಿತ್ತು’ ಅನ್ನುವುದು ಬಿಟ್ಟರೆ ಬೇರೆ ಉತ್ತರ ಇಲ್ಲ. ಅಲ್ಲಿ ನಿಮ್ಮ ಪಕ್ಕದ ಮನೆಯಲ್ಲಿ ಯಾರಿದ್ದರು ಎಂದು ಕೇಳಿ. ಬೆಳಿಗ್ಗೆ ಕಿಟಕಿ ತೆಗೆದರೆ ಏನು ಕಾಣುತ್ತಿತ್ತು ಎಂದು ಕೇಳಿ. ಉತ್ತರ ಮುಗಿಯುವವರೆಗೂ ಅಲ್ಲೇ ಕೂತಿರಿ.