ಎಣ್ಣೆ ಕುಡಿದ ಕ್ಲಚ್: ಕೈಯಾರೆ ಕಟ್ಟಿದ ಗಾಡಿಯವರಿಗೆ ಅಧ್ಯಯನ ಟಿಪ್ಪಣಿ

ಕಂಪನಿ ಕಾರಿನ ಕ್ಲಚ್ಚಿಗೆ ಎಣ್ಣೆ ಹತ್ತಿದರೆ ಸಾಮಾನ್ಯವಾಗಿ ಎಣ್ಣೆ ತಡೆಯುವ ರಬ್ಬರ್ ಉಂಗುರ, ಅಂದರೆ ಸೀಲ್, ಹಳತಾಗಿರುತ್ತದೆ. ಬದಲಿಸಿದರೆ ಮುಗಿಯಿತು. ಕೈಯಾರೆ ಕಟ್ಟಿದ ಗಾಡಿಯ ಲೆಕ್ಕ ಬೇರೆ. ಓಮ್ನಿ ಇಂಜಿನ್, ಗುಜರಿಯಲ್ಲಿ ಆರಿಸಿ ತಂದ ಗೇರ್‌ಬಾಕ್ಸ್, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಮೌಂಟಿಂಗ್, ಇವು ಮೂರೂ ಕೂಡುವಲ್ಲೇ ತಪ್ಪು ಕೂತಿರುತ್ತದೆ. ಅದನ್ನು ಹುಡುಕದೆ ಹಾಕಿದ ಹೊಸ ಸೀಲೂ ಹೊಸ ಪ್ಲೇಟೂ ಬೇಗನೆ ಹಾಳಾಗುತ್ತವೆ.

ಜಾರುವುದು ಎಣ್ಣೆಯಿಂದಲೇ?

ಮೊದಲು ಕೇಬಲ್ ನೋಡಿ. ಪೆಡಲ್ಲಿನಲ್ಲಿ 15ರಿಂದ 25 ಮಿ.ಮೀ. ಖಾಲಿ ಆಟ ಇರಬೇಕು. ಅದು ಇಲ್ಲದಿದ್ದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡೇ ಇರುತ್ತದೆ, ಒಣ ಕ್ಲಚ್ಚೂ ಸ್ಲಿಪ್ ಹೊಡೆಯುತ್ತದೆ. ಆಟ ಸರಿಯಿದ್ದರೆ ಕಾಲೇಜು ಮೈದಾನದಂಥ ಖಾಲಿ ಜಾಗದಲ್ಲಿ ಗಾಡಿಯನ್ನು ಮೇಲಿನ ಗೇರಿನಲ್ಲಿ 30–40 ಕಿ.ಮೀ. ವೇಗಕ್ಕೆ ತಂದು ಆಕ್ಸಿಲರೇಟರ್ ಪೂರ್ತಿ ತುಳಿಯಿರಿ. (ನೋಂದಣಿಯಿಲ್ಲದ ಗಾಡಿಯನ್ನು ರಿಂಗ್ ರೋಡಿಗೆ ಇಳಿಸುವ ಆಸೆ ಬೇಡ.) ಇಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಸವೆದ ಪ್ಲೇಟ್ ಜಾರಿದರೂ ಗಾಡಿ ನಿಂತಲ್ಲಿಂದ ಹೊರಡುವಾಗ ಹೆಚ್ಚಾಗಿ ಅದುರುವುದಿಲ್ಲ. ಎಣ್ಣೆ ಹತ್ತಿದ್ದು ಒಮ್ಮೆ ಹಿಡಿದು ಒಮ್ಮೆ ಬಿಟ್ಟು ಗಾಡಿಯನ್ನು ಅದುರಿಸುತ್ತದೆ, ಏಕೆಂದರೆ ಎಣ್ಣೆ ಫೇಸಿಂಗಿನ (ಪ್ಲೇಟಿನ ಮೇಲಿನ ಘರ್ಷಣೆಯ ಪದರದ) ತುಂಬ ಒಂದೇ ಸಮ ಹರಡಿರುವುದಿಲ್ಲ.

ಮೇಲಿನ ಗೇರಿನಲ್ಲೇ ಏಕೆ ಎಂದು ಪರೀಕ್ಷೆಯಲ್ಲೂ ಕೇಳುತ್ತಾರೆ. ಕೆಳಗಿನ ಗೇರಿನಲ್ಲಿ ಇಂಜಿನ್ ಥಟ್ಟನೆ ವೇಗ ಪಡೆಯುತ್ತದೆ. ಟಾರ್ಕಿನ (ತಿರುಗಿಸುವ ಬಲದ) ಒಂದು ಪಾಲು ಇಂಜಿನ್ ತುದಿಯ ಭಾರದ ಚಕ್ರವಾದ ಫ್ಲೈವೀಲನ್ನು ತಿರುಗಿಸಲೇ ಖರ್ಚಾಗುತ್ತದೆ. ಮೇಲಿನ ಗೇರಿನಲ್ಲಿ ಇಂಜಿನ್ ವೇಗ ನಿಧಾನವಾಗಿ ಏರುವುದರಿಂದ ಹೆಚ್ಚುಕಡಿಮೆ ಪೂರ್ತಿ ಟಾರ್ಕ್ ಕ್ಲಚ್ ಮೇಲೇ ಬೀಳುತ್ತದೆ.

ಒಂದು ಲೆಕ್ಕ ಮಾಡೋಣ. ಕ್ಲಚ್ ಹೊರುವ ಟಾರ್ಕ್ = ಘರ್ಷಣ ಗುಣಾಂಕ × ಒತ್ತುವ ಬಲ × ಸರಾಸರಿ ತ್ರಿಜ್ಯ × 2 (ಪ್ಲೇಟಿಗೆ ಎರಡು ಮುಖ). ಫೇಸಿಂಗಿನ ಹೊರವ್ಯಾಸ 160, ಒಳವ್ಯಾಸ 110 ಮಿ.ಮೀ. ಎಂದುಕೊಂಡರೆ ಸರಾಸರಿ ತ್ರಿಜ್ಯ 67.5 ಮಿ.ಮೀ. ಒತ್ತುವ ಬಲ 2500 ನ್ಯೂಟನ್, ಒಣ ಗುಣಾಂಕ 0.3 ಎಂದಿಟ್ಟುಕೊಳ್ಳಿ. ಉತ್ತರ 101 ನ್ಯೂಟನ್-ಮೀಟರ್. ಮಾರುತಿ ಓಮ್ನಿಯ 796 ಸಿಸಿ ಇಂಜಿನ್ ಕೊಡುವುದು ಸುಮಾರು 60, ಹಾಗಾಗಿ ಆರಾಮ. ಎಣ್ಣೆ ಹತ್ತಿ ಗುಣಾಂಕ 0.12ಕ್ಕೆ ಇಳಿದರೆ ಉತ್ತರ 40.5. ಅರ್ಧ ತುಳಿದಾಗ ಸುಮ್ಮನಿದ್ದ ಗಾಡಿ ಪೂರ್ತಿ ತುಳಿದಾಗ ಮಾತ್ರ ಏಕೆ ಜಾರುತ್ತದೆ ಎಂಬುದು 60 ಮತ್ತು 40.5, ಈ ಎರಡು ಅಂಕಿಗಳ ನಡುವೆಯೇ ಇದೆ.

ಯಾವ ಎಣ್ಣೆ, ಎಲ್ಲಿಂದ ಬಂತು?

ಗೇರ್‌ಬಾಕ್ಸ್ ಇಳಿಸಿದ ಕೂಡಲೇ ಬಟ್ಟೆ ಹಿಡಿದು ಒರೆಸಬೇಡಿ. ಮೊದಲು ಫೋಟೊ ತೆಗೆಯಿರಿ, ಬೆರಳಿಗೆ ಒಂದಿಷ್ಟು ಹಚ್ಚಿ ಮೂಸಿ ನೋಡಿ. ಇಂಜಿನ್ ಆಯಿಲ್ ಕಪ್ಪಗಿದ್ದು ಸುಟ್ಟ ವಾಸನೆ ಬರುತ್ತದೆ. ಗೇರ್ ಆಯಿಲ್ ದಪ್ಪ, ಜೇನಿನ ಬಣ್ಣ, ಗಂಧಕದ ನಾತ. ಕೊಳೆತ ತತ್ತಿ ನೆನಪಾದರೆ ಅದೇ. ಹೈಡ್ರಾಲಿಕ್ ಕ್ಲಚ್ ಹಾಕಿದ್ದರೆ ಬ್ರೇಕ್ ಆಯಿಲೂ ಇರಬಹುದು: ಗ್ಲಾಸ್ ನೀರಿಗೆ ಎರಡು ಹನಿ ಬಿಡಿ, ಕರಗಿದರೆ ಬ್ರೇಕ್ ಆಯಿಲ್, ತೇಲಿದರೆ ಉಳಿದೆರಡರಲ್ಲಿ ಒಂದು. ಓಮ್ನಿ, ಮಾರುತಿ 800 ಎರಡರದ್ದೂ ಕೇಬಲ್ ಕ್ಲಚ್, ಅದನ್ನೇ ಉಳಿಸಿಕೊಂಡಿದ್ದರೆ ಈ ಪರೀಕ್ಷೆ ಬೇಡ.

ಆಮೇಲೆ ಜಾಡು. ಫ್ಲೈವೀಲಿನ ಹಿಂದೆ ತೊಯ್ದಿದ್ದರೆ ಇಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್‌ನ ಹಿಂದಿನ ಸೀಲ್. ಫ್ಲೈವೀಲ್ ಬೋಲ್ಟುಗಳ ತಲೆಯ ಸುತ್ತಲೇ ಒದ್ದೆಯಾಗಿದ್ದರೆ ಎಣ್ಣೆ ಬೋಲ್ಟಿನ ಆಟೆಗುಂಟ (ಥ್ರೆಡ್ಡಿನ ಗುಂಟ) ಬರುತ್ತಿದೆ. ಕೆಲವು ಇಂಜಿನ್‌ಗಳಲ್ಲಿ ಆ ತೂತುಗಳು ಒಳಗಿನ ತನಕ ತೆರೆದಿರುತ್ತವೆ, ಅಲ್ಲಿ ಥ್ರೆಡ್ ಸೀಲಂಟ್ ಬೇಕು. ಇನ್‌ಪುಟ್ ಶಾಫ್ಟಿನ ಬುಡದಲ್ಲಿದ್ದರೆ ಗೇರ್‌ಬಾಕ್ಸ್ ಸೀಲ್. ಕ್ಲಚ್ ಸುತ್ತಲಿನ ಕವಚವಾದ ಬೆಲ್ ಹೌಸಿಂಗಿನ ಮೇಲ್ಭಾಗದಿಂದ ಗೆರೆ ಇಳಿದಿದ್ದರೆ ಎರಡೂ ಸೀಲುಗಳನ್ನು ಬೈಯಬೇಡಿ, ಇಂಜಿನ್ ಮೇಲಿನ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ನೋಡಿ.

ಕಟ್ಟುವಾಗಲೇ ಆದ ತಪ್ಪುಗಳು

ಒಂದು, ಇಂಜಿನ್ ಕೂರಿಸಿದ ಕೋನ. ಚಾಸಿಗೆ ಹೊಂದಲೆಂದು ಮೂತಿ 5 ಡಿಗ್ರಿ ಮೇಲೆತ್ತಿದ್ದೀರಿ ಎನ್ನೋಣ. ಸಂಪ್ (ಇಂಜಿನ್ ತಳದ ಎಣ್ಣೆ ತೊಟ್ಟಿ) 400 ಮಿ.ಮೀ. ಉದ್ದ ಇದ್ದರೆ ಹಿಂದಿನ ತುದಿಯಲ್ಲಿ ಎಣ್ಣೆ ಸುಮಾರು 17 ಮಿ.ಮೀ. ಏರುತ್ತದೆ. ಡಿಪ್‌ಸ್ಟಿಕ್ ಮುಂಭಾಗದಲ್ಲಿದ್ದರೆ ಅದು ಕಡಿಮೆ ತೋರಿಸುತ್ತದೆ, ನೀವು ಇನ್ನಷ್ಟು ಸುರಿಯುತ್ತೀರಿ. ಎಣ್ಣೆ ಪೂರ್ತಿ ಇಳಿಸಿ, ಮ್ಯಾನುವಲ್ ಹೇಳಿದಷ್ಟೇ ಅಳತೆ ಮಾಡಿ ಹಾಕಿ, ಡಿಪ್‌ಸ್ಟಿಕ್ ಮೇಲೆ ಹೊಸ ಗೆರೆ ಕೊರೆಯಿರಿ. ಓರೆಯಾಗಿ ಕೂತ ಗೇರ್‌ಬಾಕ್ಸಿನ ಲೆವೆಲ್ ತೂತಿಗೂ ಇದೇ ಮಾತು.

ಎರಡು, ಬ್ರೀದರ್, ಅಂದರೆ ಇಂಜಿನ್ ಉಸಿರಾಡುವ ಪೈಪ್. ಇಂಜಿನ್ನಿನೊಳಗಿನ ಗಾಳಿಗೆ ದಾರಿ ಇಲ್ಲದಿದ್ದರೆ ಅದು ಸೀಲನ್ನೇ ದಾರಿ ಮಾಡಿಕೊಳ್ಳುತ್ತದೆ. ಪೈಪ್ ಎಲ್ಲೂ ಮಡಚಿರಬಾರದು. ಶಹಾಬಾದ್ ಕಲ್ಲಿನ ಪುಡಿ ಏಳುವ ಊರುಗಳಲ್ಲಿ ಬ್ರೀದರ್ ಫಿಲ್ಟರ್ ಬೇಗ ಕಟ್ಟುತ್ತದೆ. ಡಿಪ್‌ಸ್ಟಿಕ್ ತೆಗೆದು ಆ ಕೊಳವೆಯ ಬಾಯಿಗೆ ತೆಳು ಪ್ಲಾಸ್ಟಿಕ್ ಚೀಲ ಕಟ್ಟಿ ಇಂಜಿನ್ ಓಡಿಸಿ. ಚೀಲ ಬಿಗಿಯಾಗಿ ಉಬ್ಬಿದರೆ ಒಳಗೆ ಒತ್ತಡವಿದೆ.

ಮೂರನೆಯದನ್ನು ಬಹಳ ಮಂದಿ ನೋಡುವುದೇ ಇಲ್ಲ. ಬೇರೆ ಗೇರ್‌ಬಾಕ್ಸ್ ಜೋಡಿಸಲು ಅಡಾಪ್ಟರ್ ಪ್ಲೇಟ್ ಮಾಡಿಸಿ, ಎರಡನ್ನೂ ನೇರಕ್ಕೆ ಕೂರಿಸುವ ಡೋವೆಲ್ ಪಿನ್ ಬಿಟ್ಟು ಬರೇ ಬೋಲ್ಟ್ ನಂಬಿದರೆ ಗೇರ್‌ಬಾಕ್ಸಿನ ಶಾಫ್ಟ್ ಕ್ರ್ಯಾಂಕಿನ ನೇರಕ್ಕೆ ಕೂರುವುದಿಲ್ಲ. ಸೀಲಿನ ತುಟಿ ಒಂದೇ ಬದಿಗೆ ಸವೆಯುತ್ತದೆ. ಡಯಲ್ ಗೇಜನ್ನು ಫ್ಲೈವೀಲಿಗೆ ಕಟ್ಟಿ, ಹೌಸಿಂಗಿನ ನಡುವಿನ ತೂತಿನ ಸುತ್ತ ಕೈಯಿಂದ ತಿರುಗಿಸಿ. ಒಟ್ಟು ಓಲಾಟ 0.15 ಮಿ.ಮೀ. ಮೀರಿದರೆ ಅಡಾಪ್ಟರ್ ಪ್ಲೇಟನ್ನು ಮತ್ತೆ ಲೇತಿಗೆ ಒಯ್ಯಿರಿ.

ತೊಳೆದು ಹಾಕಬಹುದೇ?

ಎಣ್ಣೆ ಹತ್ತಿದ ಪ್ಲೇಟನ್ನು ಪೆಟ್ರೋಲಿನಲ್ಲಿ ಅದ್ದಿ, ಬಿಸಿಲಿಗಿಟ್ಟು, ಎಮರಿ ಕಾಗದ ಉಜ್ಜಿ ಹಾಕುವ ರೂಢಿ ಇದೆ. ಕೆಲವು ದಿನ ನಡೆಯುತ್ತದೆ ಕೂಡ. ಆದರೆ ಸಾಧಾರಣ ಫೇಸಿಂಗ್ ಎಂದರೆ ರಾಳದಲ್ಲಿ ಕಟ್ಟಿದ ನಾರು; ತೂತುತೂತಾದ ಅದು ಎಣ್ಣೆಯನ್ನು ಒಳಕ್ಕೆ ಎಳೆದುಕೊಂಡಿರುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲು ಮೇಲಿನದನ್ನು ಒಣಗಿಸೀತು. ಜಾರುವ ಫೇಸಿಂಗ್ 200 ಡಿಗ್ರಿ ಸಲೀಸಾಗಿ ದಾಟುತ್ತದೆ, ಆಗ ಒಳಗಿನದು ಮತ್ತೆ ಮೇಲೆ ಬರುತ್ತದೆ. ಬ್ಲೋಟಾರ್ಚ್ ಹಿಡಿದರೆ ಎಣ್ಣೆಯ ಜತೆ ರಾಳವೂ ಸುಡುತ್ತದೆ. ಅಂಚಿಗೆ ನಾಲ್ಕು ಹನಿ ಸಿಡಿದಿದ್ದರೆ ಬ್ರೇಕ್ ಕ್ಲೀನರಿನಿಂದ ಒರೆಸಿ ನೋಡಬಹುದು. ಫೇಸಿಂಗ್ ಕಪ್ಪಾಗಿ ಮಿರುಗುತ್ತಿದ್ದರೆ ಹೊಸ ಪ್ಲೇಟೇ ಸರಿ. ಹಳೆಯ ಪ್ಲೇಟಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ.

ಫ್ಲೈವೀಲ್, ಪ್ರೆಷರ್ ಪ್ಲೇಟ್ ಎರಡೂ ಕಬ್ಬಿಣ, ಅವನ್ನು ತೊಳೆಯಬಹುದು. ತಿನ್ನರಿನಿಂದ ಒರೆಸಿ, 120 ನಂಬರ್ ಎಮರಿಯಿಂದ ಮಿರುಗು ತೆಗೆದು, ಬಟ್ಟೆಗೆ ಕಲೆ ಹತ್ತದ ತನಕ ಮತ್ತೆ ಒರೆಸಿ. ಕೂದಲೆಳೆಯ ಬಿರುಕು ಕಂಡರೆ ಬಿಸಾಡಿ. ರಿಲೀಸ್ ಬೇರಿಂಗನ್ನು ಮಾತ್ರ ದ್ರಾವಕದಲ್ಲಿ ಅದ್ದಬೇಡಿ. ಒಳಗಿನ ಗ್ರೀಸ್ ಕರಗಿ ಹೋಗಿ ಕೆಲ ದಿನಕ್ಕೇ ಕಿರುಗುಟ್ಟುತ್ತದೆ.

ಹೊಸ ಸೀಲಿನ ಸ್ಪ್ರಿಂಗ್ ಇರುವ ತುಟಿ ಎಣ್ಣೆಯ ಕಡೆಗೆ ಇರಲಿ, ತುಟಿಗೆ ಎಣ್ಣೆ ಸವರಿ, ಅದೇ ಅಳತೆಯ ಪೈಪ್ ತುಂಡಿಟ್ಟು ಸುತ್ತಲೂ ಸಮನಾಗಿ ತಟ್ಟಿ. ಹಳೆ ಸೀಲ್ ಕ್ರ್ಯಾಂಕ್ ಮೇಲೆ ಗೀರು ಮಾಡಿದ್ದರೆ, ಜಾಗ ಇದ್ದಲ್ಲಿ ಹೊಸದನ್ನು 1–2 ಮಿ.ಮೀ. ಸರಿಸಿ ಕೂರಿಸಿ. ಇನ್‌ಪುಟ್ ಶಾಫ್ಟಿನ ಸ್ಪ್ಲೈನಿಗೆ (ಉದ್ದುದ್ದ ಹಲ್ಲುಗಳಿಗೆ) ಟೇಪ್ ಸುತ್ತಿಯೇ ಸೀಲ್ ದಾಟಿಸಿ, ಇಲ್ಲವಾದರೆ ತುಟಿ ಕತ್ತರಿಸುತ್ತದೆ. ಸ್ಪ್ಲೈನಿಗೆ ಗ್ರೀಸ್ ಜೋಳದ ಕಾಳಿನಷ್ಟು ಸಾಕು. ಹೆಚ್ಚಾದದ್ದು ತಿರುಗುವ ರಭಸಕ್ಕೆ ಸಿಡಿದು ನೇರ ಫೇಸಿಂಗಿಗೇ ಹೋಗುತ್ತದೆ, ಅಂದರೆ ಎಣ್ಣೆ ತೆಗೆಯಲು ಹೋಗಿ ನಾವೇ ಹಾಕಿದಂತೆ. ಡಮ್ಮಿ ಶಾಫ್ಟ್ ಹಾಕಿ ಪ್ಲೇಟನ್ನು ನಡುವಿಗೆ ತಂದು, ಕವರಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ.

ಬೆಲ್ ಹೌಸಿಂಗಿನ ತಳದಲ್ಲಿ ಸಣ್ಣ ತೂತಿರುತ್ತದೆ. ಎರೆಮಣ್ಣಿನ ರಾಡಿ ಒಳಗೆ ಹೋಗುತ್ತದೆಂದು ಅದನ್ನು ಸಿಲಿಕಾನ್ ಹಚ್ಚಿ ಮುಚ್ಚುವವರಿದ್ದಾರೆ. ಮುಚ್ಚಿದರೆ ಸೋರಿದ್ದೆಲ್ಲ ಒಳಗೇ ನಿಂತು ಪ್ಲೇಟಿಗೆ ಏರುತ್ತದೆ. ತೂತು ತೆರೆದಿಟ್ಟು, ರಾಡಿ ತಡೆಯಲು ಅದರ ಮುಂದೆ ಒಂದು ತಗಡಿನ ಮರೆ ಕಟ್ಟಿ. ಮೊದಲ 300 ಕಿ.ಮೀ. ಮೆತ್ತಗೆ ಓಡಿಸಿ, ಆಮೇಲೆ ಆ ತೂತಿಗೆ ಒಂದು ತಂತಿ ತೂರಿಸಿ ತೆಗೆಯಿರಿ. ತಂತಿ ತೊಯ್ದು ಬಂದರೆ ಮತ್ತೆ ಮೂಸಿ ನೋಡುವಲ್ಲಿಂದ ಶುರು.